ಆದೇಶ ಯೂಟ್ಯೂಬಿಗೆ ತಲುಪುತ್ತದೆ, ಪ್ರತಿವಾದಿಗೆ ತಲುಪುವುದಿಲ್ಲ: ಮುಖ್ಯ ನ್ಯಾಯಮೂರ್ತಿಗಳಿಗೊಂದು ಬಹಿರಂಗ ಪತ್ರ

ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳು,
ಕರ್ನಾಟಕ ಉಚ್ಚ ನ್ಯಾಯಾಲಯ, ಬೆಂಗಳೂರು.

ವಿಷಯ: ಆನ್‌ಲೈನ್ ಬರಹ, ವಿಡಿಯೊಗಳನ್ನು ತೆಗೆಸುವ ಏಕಪಕ್ಷೀಯ ‘ಜಾನ್ ಡೋ’ (ಹೆಸರು ಗೊತ್ತಿಲ್ಲದ ಪ್ರತಿವಾದಿಗಳ ವಿರುದ್ಧದ) ತಡೆಯಾಜ್ಞೆಗಳಿಗೆ ಒಂದು ನಿಯಮಾವಳಿ ರೂಪಿಸುವಂತೆ ಕೋರಿಕೆ.

ಮಾನ್ಯರೇ,

ಬಾಕಿ ಇರುವ ಯಾವ ದಾವೆಯಲ್ಲೂ ಯಾರ ಪರವಾಗಿಯೂ ಈ ಪತ್ರ ಬರೆಯುತ್ತಿಲ್ಲ. ಯಾರ ಮಾನ ಹೋಯಿತು, ಯಾರ ಹಾಡು ಕದ್ದರು ಎಂಬುದನ್ನು ಆಯಾ ನ್ಯಾಯಾಲಯವೇ ತೀರ್ಮಾನಿಸಲಿ. ನಮ್ಮ ತಕರಾರು ಅದಕ್ಕಿಂತ ಮೊದಲಿನ ಹಂತದ್ದು. ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯ ಮತ್ತು ವಾಣಿಜ್ಯ ನ್ಯಾಯಾಲಯಗಳಲ್ಲಿ ಆನ್‌ಲೈನ್ ಪ್ರಕಟಣೆಗಳ ವಿರುದ್ಧ ಹೊರಡುವ ಏಕಪಕ್ಷೀಯ ಆದೇಶಗಳನ್ನು ಹೇಗೆ ಬರೆಯಲಾಗುತ್ತದೆ, ಅವುಗಳ ಜೊತೆಗೆ ಎಂಥ ಲಿಂಕ್ ಪಟ್ಟಿ ಇರುತ್ತದೆ, ಅವು ಯಾರ ಕೈಗೆ ಮೊದಲು ಸೇರುತ್ತವೆ ಎಂಬುದಷ್ಟೇ ನಮ್ಮ ವಿಷಯ. ಕನ್ನಡದ ಸಣ್ಣ ಸುದ್ದಿ ಚಾನೆಲ್‌ಗಳಿಗೆ, ಬರಹಗಾರರಿಗೆ ಇಂಥ ಆದೇಶಗಳನ್ನು ಓದಿ ಅರ್ಥ ಹೇಳುವ ಕೆಲಸದಲ್ಲಿ ಇರುವವರು ನಾವು.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39 (ಸಂಹಿತೆಯ ನಿಯಮಗಳ ಒಂದೊಂದು ಅಧ್ಯಾಯಕ್ಕೂ ‘ಆದೇಶ’ ಎಂದೇ ಹೆಸರು), ನಿಯಮ 3 ಸ್ಪಷ್ಟವಾಗಿದೆ. ಎದುರು ಪಕ್ಷಕ್ಕೆ ನೋಟಿಸ್ ಕೊಟ್ಟ ನಂತರವೇ ತಡೆಯಾಜ್ಞೆ ಎನ್ನುವುದು ಸಾಮಾನ್ಯ ನಿಯಮ. ತಡವಾದರೆ ಉದ್ದೇಶವೇ ಕೆಡುತ್ತದೆ ಎಂದು ಕಂಡಾಗ ನೋಟಿಸ್ ಇಲ್ಲದೆ ಕೊಡಬಹುದು, ಆದರೆ ಕಾರಣಗಳನ್ನು ಬರೆದಿಡಬೇಕು. ಆದೇಶ ಸಿಕ್ಕ ಕೂಡಲೇ ವಾದಿಯು ಅರ್ಜಿ, ಪ್ರಮಾಣಪತ್ರ, ವಾದಪತ್ರ, ದಾಖಲೆಗಳ ಪ್ರತಿಯನ್ನು ಎದುರು ಪಕ್ಷಕ್ಕೆ ತಲುಪಿಸಬೇಕು ಇಲ್ಲವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಕಳಿಸಿದೆ ಎಂದು ಅದೇ ದಿನ ಅಥವಾ ಮರುದಿನ ಪ್ರಮಾಣಪತ್ರ ಹಾಕಬೇಕು. ನಿಯಮ 3ಎ ಪ್ರಕಾರ ಆ ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥ ಮಾಡಲು ನ್ಯಾಯಾಲಯ ಪ್ರಯತ್ನಿಸಬೇಕು, ಆಗದಿದ್ದರೆ ಅದಕ್ಕೂ ಕಾರಣ ಬರೆಯಬೇಕು.

ಗದ್ದೆಯ ಬದುವಿನ ಜಗಳದಲ್ಲಿ ಇದೆಲ್ಲ ನಡೆಯುತ್ತದೆ, ಏಕೆಂದರೆ ಪ್ರತಿವಾದಿಯ ಮನೆ ಪಕ್ಕದಲ್ಲೇ ಇದೆ. ಪ್ರತಿವಾದಿಯ ಕಾಲಂನಲ್ಲಿ ‘ಜಾನ್ ಡೋ’ ಅಥವಾ ‘ಅಶೋಕ್ ಕುಮಾರ್’ ಎಂದು ಬರೆದಾಗ ಅಂಚೆ ಯಾವ ವಿಳಾಸಕ್ಕೆ ಹೋಗಬೇಕು? ವಿಳಾಸವೇ ಇಲ್ಲ ಎನ್ನುವ ಒಂದೇ ಕಾರಣಕ್ಕೆ ನಿಯಮ 3ರ ಆ ಷರತ್ತು ಸದ್ದಿಲ್ಲದೆ ಬದಿಗೆ ಸರಿಯುತ್ತದೆ. ಆದರೆ ವಿಳಾಸ ಇಲ್ಲ ಎನ್ನುವುದು ಅರ್ಧ ಸತ್ಯ. ವಾದಿಗೆ ಗೊತ್ತಿಲ್ಲದಿರಬಹುದು, ಅದೇ ದಾವೆಯಲ್ಲಿ ಪ್ರತಿವಾದಿಯಾಗಿ ನಿಂತಿರುವ ಗೂಗಲ್‌ಗೂ ಮೆಟಾಗೂ ಆ ಖಾತೆದಾರರ ಇಮೇಲ್ ಗೊತ್ತು. ಆದೇಶ ಆ ಕಂಪನಿಗಳ ಕೈ ಸೇರುತ್ತದೆ, ವಿಡಿಯೊ ಮಾಯವಾಗುತ್ತದೆ. ಆದೇಶದ ಪ್ರತಿಯನ್ನು ಖಾತೆದಾರರಿಗೆ ರವಾನಿಸಿ ಎಂಬ ಒಂದು ಸಾಲು ಬಹಳಷ್ಟು ಆದೇಶಗಳಲ್ಲಿ ಇರುವುದಿಲ್ಲ. ನಮ್ಮ ದೂರಿನ ತಿರುಳು ಇಷ್ಟೇ.

ಈ ‘ಜಾನ್ ಡೋ’ ನಮ್ಮಲ್ಲಿಗೆ ಬಂದದ್ದು 2002ರಲ್ಲಿ. ಫುಟ್‌ಬಾಲ್ ವಿಶ್ವಕಪ್ಪಿನ ಪ್ರಸಾರವನ್ನು ಪರವಾನಗಿ ಇಲ್ಲದೆ ತೋರಿಸುತ್ತಿದ್ದ ಕೇಬಲ್‌ನವರನ್ನು ತಡೆಯಲು ದೆಹಲಿ ಹೈಕೋರ್ಟ್ ಅದನ್ನು ಬಳಸಿತು. ಪಂದ್ಯ ಮುಗಿದ ಮೇಲೆ ಸಿಗುವ ನ್ಯಾಯಕ್ಕೆ ಬೆಲೆಯಿಲ್ಲ, ಹಾಗಾಗಿ ಅಲ್ಲಿ ಅದು ಒಪ್ಪುವಂಥದ್ದೇ. ಶುಕ್ರವಾರ ಬಿಡುಗಡೆಯಾದ ಕನ್ನಡ ಚಿತ್ರದ ಕ್ಯಾಮೆರಾ ಪ್ರಿಂಟ್ ಅಂದೇ ಸಂಜೆ ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವಾಗ ನಿರ್ಮಾಪಕರು ನೋಟಿಸ್ ಕಳಿಸಿ 15 ದಿನ ಕಾಯಲಿ ಎಂದು ನಾವೂ ಹೇಳುವುದಿಲ್ಲ. ತೊಂದರೆ ಶುರುವಾದದ್ದು ಪೈರಸಿಗೆಂದು ಹುಟ್ಟಿದ ಈ ಅಸ್ತ್ರ ಸುದ್ದಿ, ಟೀಕೆ, ರಾಜಕೀಯದ ಕಡೆಗೆ ತಿರುಗಿದಾಗ.

ಬೆಂಗಳೂರಿನ ದಾಖಲೆಯನ್ನೇ ನೋಡಿ. 2019ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ಅಭ್ಯರ್ಥಿಯೊಬ್ಬರ ಕೋರಿಕೆಯ ಮೇಲೆ 49 ಮಾಧ್ಯಮಗಳ ವಿರುದ್ಧ ಏಕಪಕ್ಷೀಯ ಆದೇಶ ಹೊರಟಿತು. ಏಪ್ರಿಲ್‌ನಲ್ಲಿ ತಮ್ಮ ನ್ಯಾಯಾಲಯವೇ ಅದನ್ನು ರದ್ದುಪಡಿಸಿತು. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಸಚಿವರು 68 ಮಾಧ್ಯಮಗಳ ವಿರುದ್ಧ ತಡೆಯಾಜ್ಞೆ ತಂದರು, ಅದೂ ಇನ್ನೂ ಪ್ರಕಟವಾಗದ ಸಂಗತಿಗಳ ಬಗ್ಗೆ. 2022ರ ನವೆಂಬರ್ 7ರಂದು ವಾಣಿಜ್ಯ ನ್ಯಾಯಾಲಯವೊಂದು, ಚಿತ್ರಗೀತೆಯೊಂದರ ತುಣುಕು ಬಳಸಿದ ಕಾರಣಕ್ಕೆ, ಕಾಂಗ್ರೆಸ್ ಪಕ್ಷದ ಮತ್ತು ಭಾರತ್ ಜೋಡೊ ಯಾತ್ರೆಯ ಟ್ವಿಟರ್ ಖಾತೆಗಳನ್ನೇ ನಿರ್ಬಂಧಿಸುವಂತೆ ಹೇಳಿತು. ತುಣುಕು 45 ಸೆಕೆಂಡುಗಳದ್ದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಮರುದಿನವೇ ತಮ್ಮ ವಿಭಾಗೀಯ ಪೀಠ ಆ ಆದೇಶವನ್ನು ಬದಿಗಿರಿಸಿ, ತಕರಾರಿನ ತುಣುಕನ್ನು ಮಾತ್ರ ತೆಗೆಯಬೇಕು, ತೆಗೆಯುವ ಮುನ್ನ ಸ್ಕ್ರೀನ್‌ಶಾಟ್ ಒದಗಿಸಬೇಕು ಎಂದಿತು. ಆ ಎರಡು ಷರತ್ತುಗಳಲ್ಲಿ ಒಂದು ಪೂರ್ತಿ ನಿಯಮಾವಳಿಯ ಬೀಜವಿದೆ ಎಂದು ನಮ್ಮ ಅನಿಸಿಕೆ.

ಒಂದು ರಾಷ್ಟ್ರೀಯ ಪಕ್ಷಕ್ಕೆ ಮರುದಿನವೇ ಹೈಕೋರ್ಟಿಗೆ ಹೋಗಲು ವಕೀಲರಿದ್ದರು. ಹಾವೇರಿಯಲ್ಲೋ ಬೀದರಿನಲ್ಲೋ ಕೂತು ಚಾನೆಲ್ ನಡೆಸುವವರಿಗೆ ಆ ಮರುದಿನ ಬರುವುದಿಲ್ಲ.

2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯವಾಗಿ ಹೊರಟ ಆದೇಶದ ಪಟ್ಟಿಯಲ್ಲಿದ್ದದ್ದು 8,842 ಲಿಂಕ್‌ಗಳು: 4,140 ಯೂಟ್ಯೂಬ್ ವಿಡಿಯೊ, 3,584 ಇನ್‌ಸ್ಟಾಗ್ರಾಂ ಪೋಸ್ಟ್, 932 ಫೇಸ್‌ಬುಕ್ ಪೋಸ್ಟ್, 108 ಸುದ್ದಿ ವರದಿ, 41 ಟ್ವೀಟ್, 37 ರೆಡ್ಡಿಟ್ ಪೋಸ್ಟ್. ಒಂದೊಂದು ಯೂಟ್ಯೂಬ್ ವಿಡಿಯೊಗೆ ಬರೀ ಒಂದು ನಿಮಿಷ ಕೊಟ್ಟರೂ 4,140ಕ್ಕೆ 69 ಗಂಟೆ ಬೇಕು. ಮೊದಲ ದಿನದ ವಿಚಾರಣೆಯಲ್ಲಿ ಅಷ್ಟು ಹೊತ್ತು ಯಾವ ನ್ಯಾಯಾಧೀಶರಿಗೂ ಇರುವುದಿಲ್ಲ. ಇದು ಅವರ ಮೇಲಿನ ಆಕ್ಷೇಪವಲ್ಲ, ಗಡಿಯಾರದ ಲೆಕ್ಕ. ಅಂದಮೇಲೆ ಅಂಥ ಪಟ್ಟಿಯನ್ನು ನಿಜವಾಗಿ ಪರಿಶೀಲಿಸಿದವರು ವಾದಿಯ ಕಡೆಯವರು ಮಾತ್ರ. ಆಗಸ್ಟ್ 1ರಂದು ಮಂಗಳೂರು ಕಡೆಯ ಒಂದು ಯೂಟ್ಯೂಬ್ ಚಾನೆಲ್‌ನ ಅರ್ಜಿಯ ಮೇಲೆ ತಮ್ಮ ನ್ಯಾಯಾಲಯ ಆ ನಿರ್ಬಂಧವನ್ನು ರದ್ದುಪಡಿಸಿ, ಮಧ್ಯಂತರ ಅರ್ಜಿಯನ್ನು ಹೊಸದಾಗಿ ಪರಿಶೀಲಿಸುವಂತೆ ಕೆಳ ನ್ಯಾಯಾಲಯಕ್ಕೆ ಹೇಳಿತು.

ಈ ಪಟ್ಟಿಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅರ್ಧ ಅನರ್ಥ ಅಲ್ಲೇ ಆಗುವುದು. ಪ್ರತಿ ಯೂಟ್ಯೂಬ್ ವಿಡಿಯೊಗೆ 11 ಅಕ್ಷರಗಳ ಗುರುತು ಇರುತ್ತದೆ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಎಲ್ಲವೂ ಅದರಲ್ಲಿ ಬರಬಹುದು, ಮತ್ತು ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ. ವಾದಪತ್ರದ ಅನುಸೂಚಿಯಲ್ಲಿ ಇದನ್ನು ಟೈಪ್ ಮಾಡಿ, ಮುದ್ರಿಸಿ, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಇ-ಫೈಲಿಂಗ್‌ಗೆ ಏರಿಸುತ್ತಾರೆ. ಆ ಸ್ಕ್ಯಾನಿನಲ್ಲಿ ದೊಡ್ಡ ‘ಐ’ಗೂ ಸಣ್ಣ ‘ಎಲ್’ಗೂ, ಸೊನ್ನೆಗೂ ದೊಡ್ಡ ‘ಓ’ಗೂ ವ್ಯತ್ಯಾಸ ಕಾಣುವುದಿಲ್ಲ. ವರ್ಡ್ ಫೈಲಿನಲ್ಲಿ ಲಿಂಕ್‌ಗೆ ತಾನೇ ಬೀಳುವ ನೀಲಿ ಗೆರೆಯ ಕೆಳಗೆ ಅಡಿಗೆರೆ ಮುಚ್ಚಿಹೋಗುತ್ತದೆ. ಸಾಲು ಮುರಿಯುವಲ್ಲಿ ಇರುವ ಅಡ್ಡಗೆರೆ ಲಿಂಕ್‌ನದೋ, ಪದ ಒಡೆಯಲು ಬಂದದ್ದೋ ಹೇಳಲಾಗದು. ಒಂದು ಅಕ್ಷರ ತಪ್ಪಿದರೆ ಒಂದೋ ಲಿಂಕ್ ಎಲ್ಲಿಗೂ ಹೋಗುವುದಿಲ್ಲ, ಇಲ್ಲವೇ ಸಂಬಂಧವೇ ಇಲ್ಲದವರ ವಿಡಿಯೊಗೆ ಹೋಗುತ್ತದೆ. ಫೇಸ್‌ಬುಕ್‌ನಲ್ಲಿ ಒಂದೇ ಪೋಸ್ಟಿಗೆ ಹಂಚಿಕೆಯ ಲಿಂಕ್ ಬೇರೆ, ಮೂಲ ಲಿಂಕ್ ಬೇರೆ; ಹೀಗಾಗಿ ಒಂದೇ ಪೋಸ್ಟ್ ಪಟ್ಟಿಯಲ್ಲಿ ಹಲವು ಸಲ ಬಂದು ಸಂಖ್ಯೆ ಉಬ್ಬುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ವಿಡಿಯೊದ ಲಿಂಕ್ ಬದಲು ಚಾನೆಲ್‌ನ ಲಿಂಕ್ ಕೊಡುವುದು. ಒಂದು ಸಂಚಿಕೆಯ ಮೇಲಿನ ಆಕ್ಷೇಪಕ್ಕೆ ಇಡೀ ಚಾನೆಲ್‌ನ ವರ್ಷಗಳ ದುಡಿಮೆ ಹೋಗುತ್ತದೆ.

ಪುಟದ ಬದಲು ತಾಣವನ್ನೇ ಹೆಸರಿಸಿದರೆ ಏನಾಗುತ್ತದೆ ಎಂಬುದಕ್ಕೆ 2017ರ ಆಗಸ್ಟ್ ಸಾಕ್ಷಿ. ಎರಡು ಹಿಂದಿ ಚಿತ್ರಗಳ ಪೈರಸಿ ತಡೆಯಲು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶಗಳಡಿ ಎರಡೂವರೆ ಸಾವಿರಕ್ಕೂ ಹೆಚ್ಚು ತಾಣಗಳನ್ನು ಮುಚ್ಚಿಸುವ ಪಟ್ಟಿ ಹೋಯಿತು. ಅದರಲ್ಲಿ ಇಂಟರ್ನೆಟ್ ಆರ್ಕೈವ್ ಕೂಡ ಸೇರಿತ್ತು. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿಗೆ ನಮ್ಮ ಸಂಶೋಧಕರು ಇವತ್ತಿಗೂ ಮೊದಲು ಹುಡುಕುವುದು ಅಲ್ಲೇ. ಅದರ ಹಿಂದಿನ ವರ್ಷವೇ, 2016ರಲ್ಲಿ, ಬಾಂಬೆ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು ಇಂಥದ್ದೇ ಪೈರಸಿ ಅರ್ಜಿಗಳಲ್ಲಿ ಬೇರೆ ದಾರಿ ಹಿಡಿದಿದ್ದರು: ಇಡೀ ತಾಣ ಬೇಡ, ನಿರ್ದಿಷ್ಟ ಪುಟದ ವಿಳಾಸ ಕೊಡಿ, ಪಟ್ಟಿಯನ್ನು ಪರಿಶೀಲಿಸಿ ಪ್ರಮಾಣ ಮಾಡಿ, ಮುಚ್ಚಿದ ಪುಟದಲ್ಲಿ ದಾವೆಯ ವಿವರವನ್ನೂ ನೊಂದವರು ಯಾರನ್ನು ಸಂಪರ್ಕಿಸಬೇಕೆಂಬುದನ್ನೂ ತೋರಿಸಿ. ಅದನ್ನು ಇಲ್ಲಿ ಮತ್ತೆ ಕಂಡುಹಿಡಿಯಬೇಕಿಲ್ಲ, ಎತ್ತಿಕೊಂಡರೆ ಸಾಕು.

ಕಂಪನಿಗಳೇ ಬಂದು ವಾದಿಸಲಿ ಎನ್ನುವವರಿದ್ದಾರೆ. ಅವರು ವಾದಿಸುವುದಿಲ್ಲ, ವಾದಿಸಲು ಅವರಿಗೆ ಕಾರಣವೂ ಇಲ್ಲ. ಬಳಕೆದಾರರು ಹಾಕಿದ್ದಕ್ಕೆ ಕಂಪನಿ ಹೊಣೆಯಲ್ಲ ಎನ್ನುವ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 79ರ ರಕ್ಷಣೆ ಅವರಿಗೆ ಸಿಗುವುದು ಆದೇಶ ಪಾಲಿಸಿದರೆ. ಕನ್ನಡದ ಒಂದು ಚಾನೆಲ್‌ಗಾಗಿ ಆ ರಕ್ಷಣೆಯನ್ನು ಪಣಕ್ಕಿಡುವ ಕಂಪನಿ ಇಲ್ಲ. 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಯಾರೋ ದೂರಿದರೆಂದು ಕಂಪನಿಗಳು ತಾವೇ ತೀರ್ಮಾನ ಮಾಡಿ ತೆಗೆಯಬೇಕಿಲ್ಲ, ನ್ಯಾಯಾಲಯದ ಅಥವಾ ಸರ್ಕಾರದ ಆದೇಶ ಬಂದರೆ ತೆಗೆದರೆ ಸಾಕು ಎಂದು ಹೇಳಿದ್ದು ಖಾಸಗಿ ದೂರುಗಳಿಂದ ಮಾತನ್ನು ಕಾಪಾಡಲು. ಅದರ ಅರ್ಥ, ಖಾಸಗಿ ದಾವೆಗಳ ಮಟ್ಟಿಗೆ ಯಾರಾದರೂ ನಿಜವಾಗಿ ನೋಡಿ ತೂಗುವ ಜಾಗ ನ್ಯಾಯಾಲಯ ಒಂದೇ. ಅಲ್ಲೂ ಯಾರೂ ನೋಡದೆ ಪಟ್ಟಿ ದಾಟಿಹೋದರೆ ಆ ತೀರ್ಪಿನ ರಕ್ಷಣೆ ಕಾಗದದಲ್ಲಷ್ಟೇ ಉಳಿಯುತ್ತದೆ. 2024ರ ಮಾರ್ಚ್ 22ರಂದು ಬ್ಲೂಮ್‌ಬರ್ಗ್–ಝೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮುನ್ನವೇ ಬರಹವನ್ನು ತೆಗೆಸುವುದು ಅಪವಾದವಾಗಿರಬೇಕು, ಅದಕ್ಕೆ ವಿವರವಾದ ಕಾರಣ ಬೇಕು ಎಂದು ಕೆಳ ನ್ಯಾಯಾಲಯಗಳನ್ನು ಎಚ್ಚರಿಸಿದೆ. ಪೂರ್ವನಿದರ್ಶನಗಳನ್ನು ಸಾಲಾಗಿ ಉಲ್ಲೇಖಿಸಿ, ಕೊನೆಗೆ ‘ಮೇಲ್ನೋಟಕ್ಕೆ ಪ್ರಕರಣವಿದೆ, ಅನುಕೂಲದ ತೂಕ ವಾದಿಯ ಕಡೆಗಿದೆ’ ಎಂದು ಒಂದೇ ಸಾಲು ಬರೆಯುವುದು ಕಾರಣ ಕೊಟ್ಟಂತೆ ಆಗುವುದಿಲ್ಲ.

ಇನ್ನು ವಿಡಿಯೊ ಕಳೆದುಕೊಂಡವರ ಪಾಡು. ಪರದೆಯ ಮೇಲೆ, ನ್ಯಾಯಾಲಯದ ಆದೇಶದ ಕಾರಣ ಈ ದೇಶದಲ್ಲಿ ಲಭ್ಯವಿಲ್ಲ ಎಂಬರ್ಥದ ಒಂದು ಸಾಲು. ಇಮೇಲ್ ಬಂದರೆ ಅದರಲ್ಲಿ ಮೂಲ ದಾವೆಯ ಸಂಖ್ಯೆ ಇರಬಹುದು, ಇಲ್ಲದಿರಬಹುದು. ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ತಾಣದಲ್ಲಿ ಹುಡುಕಬಹುದು; ಅಲ್ಲಿ ಮುಂದಿನ ದಿನಾಂಕ ಕಾಣುತ್ತದೆ, ಆದೇಶದ ಪಠ್ಯ ಏರಿಸಿರುತ್ತಾರೆ ಎಂಬ ಖಾತರಿಯಿಲ್ಲ. ದೃಢೀಕೃತ ಪ್ರತಿ ಬೇಕೆಂದರೆ ದಾವೆಯಲ್ಲಿ ಅವರ ಹೆಸರೇ ಇಲ್ಲ, ‘ಹೊರಗಿನವರು’; ಅದಕ್ಕೆ ಬೇರೆ ಅರ್ಜಿ, ಬೇರೆ ಅನುಮತಿ. ಆದೇಶ ಕೈಗೆ ಬಂದ ಮೇಲೆ ಆದೇಶ 1 ನಿಯಮ 10ರಡಿ ಪಕ್ಷಗಾರರಾಗಲು ಒಂದು ಅರ್ಜಿ, ಆದೇಶ 39 ನಿಯಮ 4ರಡಿ ತಡೆಯಾಜ್ಞೆ ತೆರವಿಗೆ ಇನ್ನೊಂದು. ಅಥವಾ ನೇರವಾಗಿ ಹೈಕೋರ್ಟಿಗೆ ಆದೇಶ 43ರಡಿ ಮೇಲ್ಮನವಿ. ನಿಯಮ 3ಎಯ 30 ದಿನ ಮೀರಿದರೆ ಮೇಲ್ಮನವಿ ಹಾಕಬಹುದು ಎಂದು 2000ನೇ ಇಸವಿಯಲ್ಲೇ ವೆಂಕಟಸುಬ್ಬಯ್ಯ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೆ ಆ 30 ದಿನ ಯಾವಾಗ ಶುರುವಾಯಿತು ಎಂದೇ ಗೊತ್ತಿಲ್ಲದವರಿಗೆ ಅದರಿಂದ ಏನು ಪ್ರಯೋಜನ? ಸುದ್ದಿಯ ಆಯಸ್ಸು ಒಂದು ವಾರ. ಗೆದ್ದು ವಿಡಿಯೊ ವಾಪಸ್ ಬರುವ ಹೊತ್ತಿಗೆ ನೋಡುವವರಿರುವುದಿಲ್ಲ.

ಕೃತಿಸ್ವಾಮ್ಯದ ದಾವೆಗಳಲ್ಲಿ ಇನ್ನೊಂದು ಸಂಗತಿಯಿದೆ. 1957ರ ಕಾಯ್ದೆಯ ಸೆಕ್ಷನ್ 52(1)(ಸಿ) ಮತ್ತು 2013ರ ನಿಯಮಗಳ 75ನೇ ನಿಯಮ ಈಗಾಗಲೇ ಒಂದು ದಾರಿ ಹಾಕಿಕೊಟ್ಟಿವೆ: ಹಕ್ಕುದಾರರು ಲಿಖಿತ ದೂರು ಕೊಟ್ಟರೆ ಕಂಪನಿ 36 ಗಂಟೆಯೊಳಗೆ ಸಂಪರ್ಕ ತಡೆಯಬೇಕು; 21 ದಿನಗಳಲ್ಲಿ ನ್ಯಾಯಾಲಯದ ಆದೇಶ ಬಾರದಿದ್ದರೆ ಮರಳಿ ತೆರೆಯಬಹುದು. ಅಂದರೆ ತುರ್ತಿಗೆ ಮದ್ದು ನ್ಯಾಯಾಲಯದ ಹೊರಗೇ ಇದೆ. ಆದರೂ ‘ತುರ್ತು ಪರಿಹಾರ ಬೇಕು’ ಎಂದು ಬರೆದು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 12ಎ ಹೇಳುವ, ದಾವೆ ಹೂಡುವ ಮುನ್ನಿನ ಮಧ್ಯಸ್ಥಿಕೆಯನ್ನು ದಾಟಿ ಬರುತ್ತಾರೆ. ಆ ತುರ್ತು ನಿಜವೋ ಮುಖವಾಡವೋ ನೋಡಬೇಕೆಂದು 2023ರಲ್ಲಿ ಯಾಮಿನಿ ಮನೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 75ನೇ ನಿಯಮದ ದೂರು ಕೊಟ್ಟಿದ್ದಿರಾ, ಕೊಟ್ಟಿದ್ದರೆ ಏನಾಯಿತು ಎಂಬ ಒಂದು ಪ್ರಶ್ನೆಯೇ ಆ ಪರೀಕ್ಷೆಗೆ ಸಾಕು. ಸಿನಿಮಾ ವಿಮರ್ಶೆಯಲ್ಲಿ ಬಳಸಿದ ಹತ್ತು ಸೆಕೆಂಡಿನ ದೃಶ್ಯಕ್ಕೂ ಇಡೀ ಚಿತ್ರ ಏರಿಸಿದ್ದಕ್ಕೂ ಕಾನೂನಿನಲ್ಲೇ ಅಂತರವಿದೆ. ಪಟ್ಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂರುತ್ತವೆ.

ಖಾಸಗಿತನದ ಮಾತು ಇಲ್ಲಿಯವರೆಗೆ ಬಂದಿಲ್ಲ, ಆದರೆ ಬರಲೇಬೇಕು. ಇಂಥ ಅರ್ಜಿಗಳಲ್ಲಿ ತೆಗೆಸುವ ಕೋರಿಕೆಯ ಬೆನ್ನಿಗೆ ಖಾತೆದಾರರ ಹೆಸರು, ಫೋನ್ ಸಂಖ್ಯೆ, ಐಪಿ ವಿಳಾಸ ಕೊಡಿಸಿ ಎಂಬ ಕೋರಿಕೆಯೂ ಇರುತ್ತದೆ. ವಿಡಿಯೊ ತೆಗೆದದ್ದು ತಪ್ಪಾದರೆ ಮರಳಿ ಹಾಕಬಹುದು, ಬಯಲಾದ ಹೆಸರನ್ನು ಮರಳಿ ಮುಚ್ಚಲಾಗದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ತಮ್ಮದೇ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ತಾಂತ್ರಿಕವಾಗಿಯೂ ಅಪಾಯವಿದೆ. ಮೊಬೈಲ್ ಜಾಲದಲ್ಲಿ ಒಂದು ಐಪಿ ವಿಳಾಸವನ್ನು ಏಕಕಾಲಕ್ಕೆ ನೂರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ; ಪೋರ್ಟ್ ಸಂಖ್ಯೆ ಮತ್ತು ಸೆಕೆಂಡಿನವರೆಗಿನ ಸಮಯ ಇಲ್ಲದೆ ಒಬ್ಬರನ್ನು ಗುರುತಿಸಲಾಗದು. ಕಂಪನಿಗಳ ದಾಖಲೆಯಲ್ಲಿ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯದಲ್ಲಿ) ಇರುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅದನ್ನು ಕೂಡಿಸಲು ಮರೆತರೆ ರಾತ್ರಿಯ ಪೋಸ್ಟ್ ಸಂಜೆಯದಾಗಿ, ಬೇರೆ ಯಾರದೋ ಮನೆ ಬಾಗಿಲಿಗೆ ಸಮನ್ಸ್ ಹೋಗುತ್ತದೆ.

ಆದ್ದರಿಂದ ನಮ್ಮ ಕೋರಿಕೆಗಳು.

ಲಿಂಕ್ ಪಟ್ಟಿಯನ್ನು ಸ್ಕ್ಯಾನ್ ಪ್ರತಿಯಾಗಿ ಅಲ್ಲ, ನಕಲಿಸಬಹುದಾದ ಕೋಷ್ಟಕದ ಫೈಲಾಗಿ ಸಲ್ಲಿಸುವುದು ಕಡ್ಡಾಯವಾಗಲಿ. ಪ್ರತಿ ಸಾಲಿನಲ್ಲಿ ಪೂರ್ಣ ಲಿಂಕ್, ವಿಡಿಯೊದ ಗುರುತು, ಖಾತೆಯ ಹೆಸರು, ಪ್ರಕಟವಾದ ದಿನ, ಆಕ್ಷೇಪದ ಭಾಗ ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡಿನಿಂದ ಎಲ್ಲಿಯವರೆಗೆ, ಆಡಿದ ಮಾತು ಯಾವುದು (ಕನ್ನಡದಲ್ಲಿ ಆಡಿದ್ದನ್ನು ಕನ್ನಡದಲ್ಲೇ, ತುಳುವಿನಲ್ಲಾದರೆ ತುಳುವಿನಲ್ಲೇ), ಆಕ್ಷೇಪ ಮಾನಹಾನಿಯೋ ಕೃತಿಸ್ವಾಮ್ಯವೋ ಎಂಬುದಿರಲಿ. ಹಾಡಿನ ವಿಷಯವಾದರೆ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಈ ಮೂರರಲ್ಲಿ ಯಾವುದರ ಹಕ್ಕು ವಾದಿಯದ್ದು, ಯಾವ ವರ್ಗಾವಣೆ ಪತ್ರದಿಂದ ಬಂತು ಎಂದೂ ಇರಲಿ. ಪ್ರತಿಯೊಂದನ್ನೂ ತೆರೆದು ನೋಡಿದ್ದೇನೆ ಎಂದು ಹೆಸರುಳ್ಳ ಒಬ್ಬ ವ್ಯಕ್ತಿ ಪ್ರಮಾಣ ಮಾಡಲಿ. ಇಷ್ಟು ಕೇಳಿದರೆ ಸಾವಿರಗಟ್ಟಲೆ ಸಾಲುಗಳ ಪಟ್ಟಿ ತಾನಾಗಿಯೇ ಕರಗುತ್ತದೆ.

ತೆಗೆಯುವ ಮುನ್ನ ಪ್ರತಿ ವಿಡಿಯೊದ ನಕಲು, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಮತ್ತು ಹ್ಯಾಶ್ ಮೌಲ್ಯದೊಂದಿಗೆ (ಫೈಲು ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ನ್ಯಾಯಾಲಯದಲ್ಲಿರಲಿ. ಆದೇಶದಲ್ಲಿ ‘ಅಳಿಸಿ’ ಎನ್ನುವ ಬದಲು ‘ಭಾರತದಲ್ಲಿ ಸಂಪರ್ಕ ತಡೆಹಿಡಿಯಿರಿ’ ಎಂದಿರಲಿ. ಅಳಿಸಿದ್ದನ್ನು ನಂತರ ಸಾಕ್ಷ್ಯವಾಗಿ ತರಲು ಇಬ್ಬರಿಗೂ ಆಗುವುದಿಲ್ಲ. ಮುಂದೆ ಬರಬಹುದಾದ ‘ಇಂಥದ್ದೇ’ ಲಿಂಕ್‌ಗಳನ್ನು ಸೇರಿಸುವ ಅಧಿಕಾರವನ್ನು ವಾದಿಯ ಕೈಗೆ ಕೊಡುವುದು ಬೇಡ. ಸೇರಿಸಬೇಕಿದ್ದರೆ ಹೊಸ ಅರ್ಜಿ ಬರಲಿ.

ಕಂಪನಿಯು ಸಂಪರ್ಕ ತಡೆದ 24 ಗಂಟೆಗಳಲ್ಲಿ ಆದೇಶ, ವಾದಪತ್ರ, ಅರ್ಜಿಯ ಪ್ರತಿಗಳನ್ನು ಖಾತೆದಾರರ ನೋಂದಾಯಿತ ಇಮೇಲ್‌ಗೆ ಕಳಿಸಿ, ಕಳಿಸಿದ ಬಗ್ಗೆ ನ್ಯಾಯಾಲಯಕ್ಕೆ ವರದಿ ಮಾಡಲಿ. ನಿಯಮ 3ರ ಷರತ್ತು ಹೀಗೆ ಮತ್ತೆ ಜೀವ ಪಡೆಯುತ್ತದೆ. ಆದೇಶದ ಪಠ್ಯವನ್ನು ಅದೇ ದಿನ ಇ-ಕೋರ್ಟ್ಸ್‌ನಲ್ಲಿ ಏರಿಸಲಿ. ತಡೆಹಿಡಿದ ಪುಟದಲ್ಲಿ ದಾವೆಯ ಸಂಖ್ಯೆ, ನ್ಯಾಯಾಲಯ, ಮುಂದಿನ ದಿನಾಂಕ ಕಾಣಲಿ. ಲಿಂಕ್ ಪಟ್ಟಿಯಲ್ಲಿ ಇರುವವರಿಗೆ ‘ಹೊರಗಿನವರು’ ಎನ್ನದೆ ದೃಢೀಕೃತ ಪ್ರತಿ ಕೊಡಲಿ, ಅವರ ತೆರವು ಅರ್ಜಿಯನ್ನು ವಿಡಿಯೊ ಕಾನ್ಫರೆನ್ಸ್ ಮೂಲಕ ಕೇಳಲಿ.

ಆದೇಶ 30ನೇ ದಿನಕ್ಕೆ ತಾನಾಗಿ ಕೊನೆಗೊಳ್ಳುತ್ತದೆ, ಕಾರಣ ಬರೆದು ಮುಂದುವರಿಸಿದರೆ ಮಾತ್ರ ಉಳಿಯುತ್ತದೆ ಎಂಬ ಸಾಲು ಆದೇಶದಲ್ಲೇ ಇರಲಿ. ವಾದಿಯ ಕಡೆಯಿಂದಲೇ ಮುಂದೂಡಿಕೆ ಕೇಳಿದರೆ ಅಂದೇ ತೆರವಾಗಲಿ. ಖಾತೆದಾರರ ಗುರುತನ್ನು ಏಕಪಕ್ಷೀಯ ಹಂತದಲ್ಲಿ ವಾದಿಗೆ ಕೊಡಿಸುವುದು ಬೇಡ; ಬೇಕೇಬೇಕಾದರೆ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಬರಲಿ, ಖಾತೆದಾರರಿಗೆ ಆಕ್ಷೇಪಿಸಲು ಸಮಯ ಸಿಗಲಿ. ಒಪ್ಪಿಗೆಯಿಲ್ಲದ ಖಾಸಗಿ ಚಿತ್ರಗಳು, ಮಕ್ಕಳ ಗುರುತು, ಹೊಸ ಚಿತ್ರದ ಪೂರ್ಣ ಪೈರಸಿ ಪ್ರತಿ ಇವುಗಳಿಗೆ ತಡಮಾಡದ ಪ್ರತ್ಯೇಕ ದಾರಿ ಇರಲಿ. ಅವನ್ನು ಮುಂದಿಟ್ಟುಕೊಂಡು ಸುದ್ದಿಯನ್ನು ಅದೇ ದಾರಿಯಲ್ಲಿ ನುಗ್ಗಿಸದಿರಲಿ.

ಇದಕ್ಕೆ ಹೊಸ ಕಾಯ್ದೆ ಬೇಡ. ಸಂವಿಧಾನದ 227ನೇ ವಿಧಿಯಡಿ ಅಧೀನ ನ್ಯಾಯಾಲಯಗಳ ಕಾರ್ಯವಿಧಾನಕ್ಕೆ ಸಾಮಾನ್ಯ ನಿಯಮ ಮತ್ತು ನಮೂನೆಗಳನ್ನು ರಾಜ್ಯಪಾಲರ ಪೂರ್ವಾನುಮೋದನೆಯೊಂದಿಗೆ ಮಾಡುವ ಅಧಿಕಾರ ತಮ್ಮ ನ್ಯಾಯಾಲಯಕ್ಕಿದೆ. ವಾಣಿಜ್ಯ ದಾವೆಗಳಿಗೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 18ರಡಿ ಕಾರ್ಯವಿಧಾನ ನಿರ್ದೇಶನ ಹೊರಡಿಸಬಹುದು. ಆದೇಶ 39ರಂಥ ನಿಯಮಗಳಿರುವ ಸಂಹಿತೆಯ ಮೊದಲ ಅನುಸೂಚಿಯನ್ನೇ ತಿದ್ದಬೇಕೆಂದರೆ ಸೆಕ್ಷನ್ 122ರ ದಾರಿಯಿದೆ, ಅದಕ್ಕೂ ರಾಜ್ಯ ಸರ್ಕಾರದ ಒಪ್ಪಿಗೆ ಬೇಕಾದ್ದರಿಂದ ಸಮಯ ಹಿಡಿಯುತ್ತದೆ. ಆದ್ದರಿಂದ ಮೊದಲು ಲಿಂಕ್ ಪಟ್ಟಿಯ ನಮೂನೆ ಮತ್ತು ಇಮೇಲ್ ರವಾನೆಯ ನಿರ್ದೇಶನವನ್ನಾದರೂ ಸುತ್ತೋಲೆಯಾಗಿ ಹೊರಡಿಸಿ, ಉಳಿದ ಕರಡನ್ನು ವಕೀಲರ ಮತ್ತು ಸಾರ್ವಜನಿಕರ ಆಕ್ಷೇಪಣೆಗೆ ಕನ್ನಡದಲ್ಲೂ ಪ್ರಕಟಿಸಬೇಕೆಂದು ಕೋರುತ್ತೇವೆ. ಕೋಷ್ಟಕದ ಮಾದರಿಯೊಂದನ್ನು ಸಿದ್ಧಪಡಿಸಿದ್ದೇವೆ. ರಿಜಿಸ್ಟ್ರಿ ಕೇಳಿದರೆ ಸಲ್ಲಿಸುತ್ತೇವೆ.

ಗೌರವಪೂರ್ವಕವಾಗಿ,
ಕನ್ನಡದ ಆನ್‌ಲೈನ್ ಪ್ರಕಾಶಕರ ಪರವಾಗಿ

ಪ್ರತಿಗಳು: ರಿಜಿಸ್ಟ್ರಾರ್ ಜನರಲ್, ಕರ್ನಾಟಕ ಉಚ್ಚ ನ್ಯಾಯಾಲಯ, ಪ್ರಧಾನ ನಗರ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಧೀಶರು, ಬೆಂಗಳೂರು, ಕಾರ್ಯದರ್ಶಿ, ಕಾನೂನು ಇಲಾಖೆ, ಕರ್ನಾಟಕ ಸರ್ಕಾರ.